ಧಣಿ ಬರೆದ ನಡತೆ

ಆಳಿನ ನಡತೆಯನ್ನು ಧಣಿ ಬರೆಯುತ್ತಾನೆ. ಧಣಿಯ ನಡತೆಯನ್ನು ಬರೆದವರು ಯಾರು? ಚರಿತ್ರೆ ಓದುವಾಗ ನಾವು ಕೇಳಬೇಕಾದ ಪ್ರಶ್ನೆ ಇದು.

ಬ್ರಿಟಿಷರ ಬಂಗಲೆಗಳಲ್ಲಿ ದುಡಿದ ಬಟ್ಲರು, ಆಯಾ, ಕಸ ಗುಡಿಸುವವರು, ದೊರೆ ಊರು ಬಿಡುವಾಗ ಅವನಿಂದ ಒಂದು ಚೀಟಿ ಬರೆಸಿಕೊಳ್ಳುತ್ತಿದ್ದರು. ಇಂಗ್ಲಿಷಿನ 'ಚಿಟ್' ಹಿಂದಿಯ ಚಿಟ್ಠಿಯಿಂದ ಹೋದದ್ದು. ಪದ ಈ ನೆಲದ್ದು, ಬರಹ ಅವರದ್ದು. ಚೀಟಿ ಹೊತ್ತವನಿಗೆ ಇಂಗ್ಲಿಷ್ ಓದೋಕೆ ಬರದು. ಒಳಗೆ 'ಸೋಮಾರಿ' ಅಂತ ಇದ್ದರೂ ಅದನ್ನೇ ಜೋಪಾನವಾಗಿಟ್ಟು ಹೊಸ ದೊರೆಗೆ ಕೈಮುಗಿದು ಕೊಡಬೇಕು. ತನ್ನ ಮೇಲಿನ ದೂರನ್ನು ತಾನೇ ಹೊರಬೇಕು.

ಆ ದೊರೆಗಳ ದೇಶದಲ್ಲಿ 1792ರಲ್ಲೇ ಸುಳ್ಳು ನಡತೆಪತ್ರದ ವಿರುದ್ಧ ಕಾಯ್ದೆ ಬಂತು. ದಂಡ 20 ಪೌಂಡು. ಆದರೆ ಅದು ಹೆದರಿದ್ದು ಸುಳ್ಳು ಹೊಗಳಿಕೆಗೆ. ಕೆಟ್ಟ ಆಳು ಒಳ್ಳೆ ಚೀಟಿ ಹಿಡಿದು ಮನೆ ಹೊಕ್ಕರೆ ಎಂಬ ಧಣಿಗಳ ದಿಗಿಲು ಅದು. ಒಳ್ಳೆಯ ಆಳನ್ನು ಕಳ್ಳ ಅಂತ ಬರೆದರೆ? ದ್ವೇಷದಿಂದಲೇ ಬರೆದ ಎಂದು ಆಳೇ ರುಜುವಾತು ಮಾಡಬೇಕು. ಎಲ್ಲಿಂದ ಮಾಡ್ತಾನೆ?

ಫ್ರಾನ್ಸಿನಲ್ಲಿ 1803ರ ಕಾಯ್ದೆ ಕೆಲಸಗಾರನಿಗೆ ಒಂದು ಪುಸ್ತಕ ಹೊರಿಸಿತು. ಅದಿಲ್ಲದೆ ಊರು ಬಿಟ್ಟವನು ಪುಂಡ ಅಲೆಮಾರಿ. ತೀರದ ಮುಂಗಡವನ್ನು ಅದರಲ್ಲಿ ಬರೆದರೆ ಮುಂದಿನ ಧಣಿ ಕೂಲಿಯಲ್ಲಿ ಮುರಿದುಕೊಳ್ಳಬೇಕು. ನಮ್ಮ ಜೀತದ ಸಾಲದ ಒಡಹುಟ್ಟು ಇದು. ಹೊಗಳಿಕೆ ತೆಗಳಿಕೆ ಎರಡನ್ನೂ ಅದರಲ್ಲಿ ಬರೆಯಬಾರದೆಂದು 1854ರಲ್ಲಿ ಕಾನೂನಾಯಿತು. 1890ರಲ್ಲಿ ಪುಸ್ತಕವೇ ರದ್ದಾಯಿತು.

ದ್ವೇಷವಿಲ್ಲದಿದ್ದರೂ, ಎಚ್ಚರಗೇಡಿಯಾಗಿ ಸುಳ್ಳು ಬರೆದ ಹಳೆಯ ಮಾಲೀಕ ನಷ್ಟಕ್ಕೆ ಹೊಣೆ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು 1994ರಲ್ಲಿ. ವಿಮಾ ಕಂಪನಿಯ ಮಾಜಿ ನೌಕರನೊಬ್ಬ ಹೂಡಿದ ಮೊಕದ್ದಮೆ ಅದು. ಧಣಿಯ ಭಯಕ್ಕೂ ದುಡಿಯುವವನ ಅಳಲಿಗೂ ನಡುವೆ 202 ವರ್ಷ!

ನಮ್ಮಲ್ಲಿ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕಾರ್ಖಾನೆಯ ಕಾಯಂ ಕೆಲಸಗಾರ ಸೇವಾಪತ್ರದ ಹಕ್ಕು ಪಡೆದ. ಗೌಡನ ಹೊಲಕ್ಕೆ, ಪಟ್ಟಣದ ಮನೆಗೆಲಸಕ್ಕೆ ಆ ಕಾಯ್ದೆ ಬರಲಿಲ್ಲ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಧಣಿಯ ನಾಲಿಗೆ ರದ್ದಾಗಲಿಲ್ಲ. ಬಿಟ್ಟು ಬಂದವನ ಬಗ್ಗೆ ಜಗಲಿ ಮೇಲೆ ಕೂತು 'ಅವ್ನ ಕೈ ಸುದ್ದ ಇಲ್ಲ ಕಣಪ್ಪ' ಅಂದರೆ ಸಾಕು, ಸುತ್ತಲ ನಾಕೂರಲ್ಲಿ ಕೂಲಿ ಹುಟ್ಟದು. ಆ ಮಾತಿಗೆ ಸಹಿಯಿಲ್ಲ, ತಾರೀಖಿಲ್ಲ.

ಗೆಳೆಯರೇ, ಅಕ್ಷರ ಕಲಿತ ನಮ್ಮ ಕೆಲಸ ಇಲ್ಲಿದೆ. ದುಡಿದ ದಿನ, ಪಡೆದ ಕೂಲಿ, ಜೊತೆಗೆ ದುಡಿದವರ ಹೆಸರನ್ನು ಕೇರಿಯಲ್ಲಿ ಕೂತು ಬರೆದಿಡೋಣ. ಕೆಲಸ ಬಿಡುವವರು ಸಹಿ ಇರುವ ಪತ್ರ ಕೇಳಲಿ, ಕೊಟ್ಟದ್ದನ್ನು ನಮ್ಮಿಂದ ಓದಿಸಲಿ. ಧಣಿಯ ಸುಳ್ಳಿಗೆ ಎದುರು ನಿಲ್ಲೋದು ಜೊತೆಗಾರರ ಸಾಕ್ಷಿಯೊಂದೇ.