ಕ್ರೀಡಾ ಋತುವಿನ ಮರುಆಟ

ಆಡಿ ಮುಗಿದ ಕ್ರೀಡಾ ಋತುವೊಂದರ ವೇಳಾಪಟ್ಟಿ, ತಂಡಗಳ ಪಟ್ಟಿ ಮತ್ತು ಆಟಗಾರರ ಅಂಕಿಅಂಶಗಳನ್ನು ಆಧಾರವಾಗಿಟ್ಟುಕೊಂಡು, ಅದರ ಪಂದ್ಯಗಳನ್ನು ದಾಳ, ಕಾರ್ಡು ಅಥವಾ ಕಂಪ್ಯೂಟರಿನ ನೆರವಿನಿಂದ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಆಡಿಸಿ ನೋಡುವ ವಿಧಾನವನ್ನು ಋತುವಿನ ಮರುಆಟ ಎನ್ನುತ್ತಾರೆ. ಇದರಲ್ಲಿ ಪ್ರತಿಯೊಬ್ಬ ಆಟಗಾರನ ದಾಖಲೆಯನ್ನು ಸಂಭವನೀಯತೆಗೆ, ಅಂದರೆ ಒಂದು ಘಟನೆ ನೂರರಲ್ಲಿ ಎಷ್ಟು ಬಾರಿ ನಡೆಯಬಹುದೆಂಬ ಅಳತೆಗೆ ಪರಿವರ್ತಿಸಿ, ಒಂದೊಂದು ಎಸೆತದ ಫಲಿತಾಂಶವನ್ನೂ ಆ ಅಳತೆಗೆ ಅನುಗುಣವಾಗಿ ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ. ನಡೆದುಹೋದ ಫಲಿತಾಂಶವನ್ನು ಹಾಗೆಯೇ ಮರಳಿ ತರುವುದು ಈ ವಿಧಾನದ ಗುರಿಯಲ್ಲ. ಆ ಫಲಿತಾಂಶದಲ್ಲಿ ತಂಡದ ಬಲದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂಬುದನ್ನು ಅಂದಾಜು ಮಾಡುವುದು ಇದರ ಮುಖ್ಯ ಪ್ರಯೋಜನ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬೆಳೆದ ಈ ವಿಧಾನವನ್ನು ಕ್ರಿಕೆಟ್‌ಗೂ ಅಳವಡಿಸಬಹುದಾಗಿದ್ದು, ಕರ್ನಾಟಕ ತಂಡದ 1973–74 ಮತ್ತು 1995–96ರ ರಣಜಿ ಋತುಗಳು ಇದರ ಶಕ್ತಿಯನ್ನೂ ಮಿತಿಯನ್ನೂ ತೋರಿಸಲು ತಕ್ಕ ಉದಾಹರಣೆಗಳಾಗಿವೆ.

ಹಿನ್ನೆಲೆ

ಬೇಸ್‌ಬಾಲ್ ಪಂದ್ಯವು ಚೆಂಡೆಸೆಯುವ ಪಿಚರ್ ಮತ್ತು ಅದನ್ನು ಹೊಡೆಯುವ ಬ್ಯಾಟರ್ ನಡುವಿನ ಬಿಡಿ ಬಿಡಿ ಮುಖಾಮುಖಿಗಳ ಸರಣಿಯಾಗಿದ್ದು, ಪ್ರತಿ ಮುಖಾಮುಖಿಯೂ ಎಣಿಕೆಗೆ ಸಿಗುವ ಕೆಲವೇ ಫಲಿತಾಂಶಗಳಲ್ಲಿ ಕೊನೆಗೊಳ್ಳುವುದರಿಂದ ದಾಳದ ಆಟಕ್ಕೆ ಅದು ಬೇಗ ಒಗ್ಗಿತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ನಗರದ ಡಿಕ್ ಸೈಟ್ಸ್ 1951ರಲ್ಲಿ ಮಾರುಕಟ್ಟೆಗೆ ತಂದ ಎಪಿಬಿಎ ಎಂಬ ಆಟದಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು ಇದ್ದು, ಎರಡು ದಾಳಗಳಿಂದ ಬರುವ 36 ಸಂಖ್ಯೆಗಳ ಎದುರು ಆತನ ಹಿಂದಿನ ಋತುವಿನ ಸಾಧನೆಗೆ ಹೊಂದುವ ಫಲಿತಾಂಶಗಳನ್ನು ಹಂಚಲಾಗಿತ್ತು. ಹಾಲ್ ರಿಚ್‌ಮನ್ 1961ರಲ್ಲಿ ಹೊರತಂದ ಸ್ಟ್ರಾಟ್-ಒ-ಮ್ಯಾಟಿಕ್ ಆಟವು ಪಿಚರ್‌ಗೂ ಪ್ರತ್ಯೇಕ ಕಾರ್ಡು ಕೊಟ್ಟು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಅದರಲ್ಲಿ ಮೊದಲ ದಾಳದಲ್ಲಿ 1ರಿಂದ 3 ಬಿದ್ದರೆ ಬ್ಯಾಟರ್‌ನ ಕಾರ್ಡನ್ನೂ 4ರಿಂದ 6 ಬಿದ್ದರೆ ಪಿಚರ್‌ನ ಕಾರ್ಡನ್ನೂ ನೋಡಬೇಕಾದ್ದರಿಂದ, ಇಬ್ಬರ ಸಾಮರ್ಥ್ಯಕ್ಕೂ ಸಮಪಾಲು ದೊರೆಯಿತು. ಈ ಕಾರ್ಡುಗಳನ್ನು ಇಟ್ಟುಕೊಂಡು ಹಳೆಯ ಋತುವೊಂದನ್ನು ಪೂರ್ತಿಯಾಗಿ ಆಡಿ, ತಮ್ಮದೇ ಆದ ದಾಖಲೆ ಪುಸ್ತಕ ಬರೆದಿಡುವ ಹವ್ಯಾಸಿಗಳ ಪರಂಪರೆ ಅಲ್ಲಿ ಇಂದಿಗೂ ಇದೆ.

ಕಂಪ್ಯೂಟರ್ ಬಂದ ಮೇಲೆ ಒಂದು ಋತುವನ್ನು ಒಮ್ಮೆಯಲ್ಲ, ಸಾವಿರಾರು ಬಾರಿ ಆಡಿಸುವುದು ಸಾಧ್ಯವಾಯಿತು. ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ಮುಂಚಿತವಾಗಿ ಊಹಿಸಲಾಗದ ಸಂಖ್ಯೆಗಳನ್ನು, ಬಳಸಿ ಒಂದೇ ಪ್ರಯೋಗವನ್ನು ಪದೇ ಪದೇ ನಡೆಸಿ ಸರಾಸರಿ ತೆಗೆಯುವ ಈ ಕ್ರಮಕ್ಕೆ ಮಾಂಟೆ ಕಾರ್ಲೊ ವಿಧಾನವೆಂದು ಹೆಸರು. ಗಣಿತಜ್ಞ ಸ್ಟಾನಿಸ್ಲಾವ್ ಉಲಾಂ 1946ರಲ್ಲಿ, ಒಬ್ಬರೇ ಆಡುವ ಇಸ್ಪೀಟಿನ ಆಟವೊಂದರಲ್ಲಿ ಗೆಲ್ಲುವ ಸಾಧ್ಯತೆ ಎಷ್ಟೆಂದು ಯೋಚಿಸುತ್ತ ಇದರ ಮೂಲ ಕಲ್ಪನೆಗೆ ಬಂದರು. 1989ರಲ್ಲಿ ಡೇವಿಡ್ ಸ್ಮಿತ್ ಆರಂಭಿಸಿದ ರೆಟ್ರೊಶೀಟ್ ಸಂಸ್ಥೆಯು ಹಳೆಯ ಬೇಸ್‌ಬಾಲ್ ಪಂದ್ಯಗಳ ಆಟದಿಂದಾಟದ ವಿವರಗಳನ್ನು ಕಲೆಹಾಕಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದರಿಂದ ಮರುಆಟಕ್ಕೆ ಭದ್ರವಾದ ಅಡಿಪಾಯ ದೊರೆಯಿತು.

ಕನ್ನಡನಾಡಿನ ಶಾಲಾಮಕ್ಕಳು ಪಾಠಪುಸ್ತಕ ತೆರೆದು ಪುಟಸಂಖ್ಯೆಯ ಕೊನೆಯ ಅಂಕಿಯನ್ನೇ ರನ್ ಎಂದು ಎಣಿಸುತ್ತಿದ್ದ ಬುಕ್ ಕ್ರಿಕೆಟ್ ಈ ಬಗೆಯ ಆಟಗಳ ಅತ್ಯಂತ ಸರಳ ರೂಪ. ಎಡಗಡೆಯ ಪುಟದ ಕೊನೆಯ ಅಂಕಿ 0, 2, 4, 6, 8 ಇವುಗಳಲ್ಲಿ ಒಂದಾಗಿರುವುದರಿಂದ, ಸೊನ್ನೆಗೆ ಔಟ್, ಎಂಟಕ್ಕೆ ಒಂದು ರನ್ ಎಂಬ ನಿಯಮ ಇಟ್ಟುಕೊಂಡರೆ, ಔಟಾಗುವ ಮುನ್ನ ಸರಾಸರಿ ನಾಲ್ಕು ಬಾರಿ ರನ್ ಬಂದು ಬ್ಯಾಟಿಂಗ್ ಸರಾಸರಿ 13 ಆಗುತ್ತದೆ. ಕಾಗದದ ಮೇಲೆ ಬರೆದ ಹೆಸರು ಗವಾಸ್ಕರ್ ಆಗಿರಲಿ, ಹನ್ನೊಂದನೆಯ ಕ್ರಮಾಂಕದ ಬೌಲರ್ ಆಗಿರಲಿ, ಈ 13 ಬದಲಾಗುವುದಿಲ್ಲ. ಆಟಗಾರನಿಂದ ಆಟಗಾರನಿಗೆ ಈ ಸಂಖ್ಯೆ ಬದಲಾಗುವಂತೆ ಮಾಡಿದಾಗ ಮಾತ್ರ ಅದು ನಿಜವಾದ ಮರುಆಟ ಎನಿಸುತ್ತದೆ.

ವಿಧಾನ

ಮರುಆಟದ ಮೊದಲ ಹಂತದಲ್ಲಿ ಬ್ಯಾಟ್ಸ್‌ಮನ್ ಮತ್ತು ಬೌಲರ್ ಇಬ್ಬರ ದಾಖಲೆಗಳನ್ನು ಆ ಋತುವಿನ ಒಟ್ಟು ಸರಾಸರಿಯೊಂದಿಗೆ ಕೂಡಿಸಿ ನೋಡಲಾಗುತ್ತದೆ. ಒಂದು ಋತುವಿನಲ್ಲಿ ಸರಾಸರಿ 60 ಎಸೆತಕ್ಕೊಂದು ವಿಕೆಟ್ ಬಿದ್ದಿದೆ, ಒಬ್ಬ ಬ್ಯಾಟ್ಸ್‌ಮನ್ 90 ಎಸೆತಕ್ಕೊಮ್ಮೆ ಔಟಾಗಿದ್ದಾನೆ, ಒಬ್ಬ ಬೌಲರ್ 50 ಎಸೆತಕ್ಕೊಂದು ವಿಕೆಟ್ ಪಡೆದಿದ್ದಾನೆ ಎಂದು ಇಟ್ಟುಕೊಂಡರೆ, ಇವರಿಬ್ಬರೂ ಎದುರಾದಾಗ ಸುಮಾರು 75 ಎಸೆತಕ್ಕೊಂದು ವಿಕೆಟ್ ಬೀಳಬೇಕೆಂದು ಲೆಕ್ಕ ಹೇಳುತ್ತದೆ. ಒಳ್ಳೆಯ ಬ್ಯಾಟ್ಸ್‌ಮನ್ ಒಳ್ಳೆಯ ಬೌಲರನ ಮುಂದೆ ತನ್ನ ಎಂದಿನ ಭದ್ರತೆಯಲ್ಲಿ ಸ್ವಲ್ಪ ಭಾಗವನ್ನು ಕಳೆದುಕೊಳ್ಳುತ್ತಾನೆ ಎಂಬುದು ಇದರ ತಾತ್ಪರ್ಯ. ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಬಳಕೆಗೆ ತಂದ ಲಾಗ್‌ಫೈವ್ ಸೂತ್ರವು ಇದೇ ತರ್ಕದ ಮೇಲೆ ನಿಂತಿದೆ. ಎರಡನೆಯ ಹಂತದಲ್ಲಿ ಟಾಸ್, ಬ್ಯಾಟಿಂಗ್ ಕ್ರಮ, ಬೌಲಿಂಗ್ ಬದಲಾವಣೆ, ಡಿಕ್ಲೇರ್ ಮುಂತಾದ ನಾಯಕನ ನಿರ್ಧಾರಗಳಿಗೆ ನಿಯಮಗಳನ್ನು ರೂಪಿಸಬೇಕಾಗುತ್ತದೆ. ಅಂದು ಆಡಿದ ಹನ್ನೊಂದು ಮಂದಿಯನ್ನೇ, ಅಂದಿನ ಗಾಯ ಮತ್ತು ಗೈರುಹಾಜರಿಗಳೊಂದಿಗೆ ಉಳಿಸಿಕೊಳ್ಳುವುದು ಒಂದು ಪದ್ಧತಿಯಾದರೆ, ಆಯ್ಕೆಯನ್ನು ಮರುಆಟ ನಡೆಸುವವನ ವಿವೇಚನೆಗೆ ಬಿಡುವುದು ಇನ್ನೊಂದು ಪದ್ಧತಿ.

ಎಷ್ಟು ಬಾರಿ ಆಡಿಸಬೇಕೆಂಬುದು ಬೇಕಾದ ನಿಖರತೆಯನ್ನು ಅವಲಂಬಿಸಿದೆ. ಸಮಬಲದ ಎರಡು ತಂಡಗಳ ಪಂದ್ಯವನ್ನು ನೂರು ಬಾರಿ ಆಡಿಸಿದರೆ ಗೆಲುವಿನ ಪ್ರಮಾಣದಲ್ಲಿ ಸಾಮಾನ್ಯವಾಗಿ ಶೇ 5ರಷ್ಟು ಏರುಪೇರು ಉಳಿಯುತ್ತದೆ. ಅದನ್ನು ಶೇ ಅರ್ಧಕ್ಕೆ ಇಳಿಸಲು ಹತ್ತು ಸಾವಿರ ಬಾರಿ ಆಡಿಸಬೇಕು.

ಕ್ರಿಕೆಟ್‌ಗೆ ಅಳವಡಿಕೆ

ಕ್ರಿಕೆಟ್ ರನ್ನುಗಳು ಸಂಭವನೀಯತೆಯ ಯಾವ ನಿಯಮಕ್ಕೆ ಒಳಪಡುತ್ತವೆ ಎಂಬ ಪ್ರಶ್ನೆ ಹೊಸದಲ್ಲ. ಜಿ. ಎಚ್. ವುಡ್ 1945ರಲ್ಲಿ ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ, ಬ್ಯಾಟ್ಸ್‌ಮನ್‌ನ ಸ್ಕೋರುಗಳು ಗುಣೋತ್ತರ ಶ್ರೇಢಿಯನ್ನು, ಅಂದರೆ ಪ್ರತಿ ಪದವೂ ಹಿಂದಿನ ಪದದ ನಿಶ್ಚಿತ ಭಾಗವಾಗಿರುವ ಸರಣಿಯನ್ನು, ಎಷ್ಟರಮಟ್ಟಿಗೆ ಹೋಲುತ್ತವೆ ಎಂಬುದನ್ನು ಪರಿಶೀಲಿಸಿದರು. ಎಷ್ಟು ರನ್ ಗಳಿಸಿದ್ದರೂ ಮುಂದಿನ ರನ್‌ಗೆ ಮೊದಲು ಔಟಾಗುವ ಸಾಧ್ಯತೆ ಒಂದೇ ಆಗಿರುತ್ತದೆ ಎಂಬುದು ಈ ಮಾದರಿಯ ಊಹೆ. ಕ್ರೀಸಿಗೆ ಬಂದ ಹೊಸತರಲ್ಲಿ ಬ್ಯಾಟ್ಸ್‌ಮನ್ ಹೆಚ್ಚು ಅಪಾಯದಲ್ಲಿರುವುದರಿಂದ ಈ ಊಹೆ ಪೂರ್ತಿ ಸರಿಯಲ್ಲದಿದ್ದರೂ, ಸ್ಥೂಲ ಅಂದಾಜಿಗೆ ಸಾಕಾಗುತ್ತದೆ. 2009ರಲ್ಲಿ ಸ್ವಾರ್ಟ್ಜ್, ಗಿಲ್ ಮತ್ತು ಮುತುಕುಮಾರಣ ಅವರು ಏಕದಿನ ಪಂದ್ಯಗಳನ್ನು ಎಸೆತದಿಂದೆಸೆತಕ್ಕೆ ಆಡಿಸುವ ವಿವರವಾದ ಮಾದರಿಯನ್ನು ಪ್ರಕಟಿಸಿದರು.

ಬೇಸ್‌ಬಾಲ್‌ಗೆ ಇಲ್ಲದ ಎರಡು ತೊಡಕುಗಳು ರಣಜಿ ಪಂದ್ಯಗಳ ಮರುಆಟಕ್ಕೆ ಎದುರಾಗುತ್ತವೆ. ಬಹುದಿನಗಳ ಪಂದ್ಯ ಸಮಯದ ಮಿತಿಗೆ ಒಳಪಟ್ಟಿರುವುದರಿಂದ ರನ್ ಗತಿ, ಬೆಳಕು, ಮಳೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಜೊತೆಗೆ, ನಾಕೌಟ್ ಪಂದ್ಯ ಡ್ರಾ ಆದಾಗ ಮೊದಲ ಇನಿಂಗ್ಸ್ ಮುನ್ನಡೆ ಪಡೆದ ತಂಡವೇ ಮುಂದಕ್ಕೆ ಹೋಗುವುದರಿಂದ, ಅಂತಹ ಪಂದ್ಯದಲ್ಲಿ ಮೊದಲ ಎರಡು ಇನಿಂಗ್ಸ್‌ಗಳ ತೂಕ ಉಳಿದೆರಡಕ್ಕಿಂತ ಬಹಳ ಹೆಚ್ಚು.

1973–74ರ ಋತು

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರ ನವೆಂಬರ್ 1 ಈ ಋತುವಿನ ವ್ಯಾಪ್ತಿಯಲ್ಲೇ ಬರುತ್ತದೆ. ಅಲ್ಲಿಯವರೆಗೆ ಮೈಸೂರು ತಂಡ 1941–42 ಮತ್ತು 1959–60ರಲ್ಲಿ ಫೈನಲ್ ತಲುಪಿ ಎರಡೂ ಬಾರಿ ಬಾಂಬೆಗೆ ಸೋತಿತ್ತು. ಬಾಂಬೆ ತಂಡವು 1958–59ರಿಂದ 1972–73ರವರೆಗೆ ಸತತ 15 ಬಾರಿ ಪ್ರಶಸ್ತಿ ಗೆದ್ದಿತ್ತು. ಪ್ರತಿ ಋತುವಿನಲ್ಲೂ ಆ ತಂಡಕ್ಕೆ ಪ್ರಶಸ್ತಿ ಗೆಲ್ಲುವ ಸಾಧ್ಯತೆ ಶೇ 90ರಷ್ಟಿತ್ತೆಂದು ಒಪ್ಪಿದರೂ, 15 ಬಾರಿ ಬಿಡದೆ ಗೆಲ್ಲುವ ಸಾಧ್ಯತೆ ನೂರಕ್ಕೆ 21 ಮಾತ್ರ. ಶೇ 80 ಎಂದಿಟ್ಟುಕೊಂಡರೆ ಅದು ನೂರಕ್ಕೆ 4ಕ್ಕಿಂತಲೂ ಕೆಳಗಿಳಿಯುತ್ತದೆ. ಅಷ್ಟೊಂದು ಬಲಿಷ್ಠ ತಂಡದ ಅಜೇಯ ಓಟದಲ್ಲೂ ಅದೃಷ್ಟಕ್ಕೆ ಪಾಲಿತ್ತು ಎಂಬುದನ್ನು ಈ ಚಿಕ್ಕ ಲೆಕ್ಕವೇ ತಿಳಿಸುತ್ತದೆ.

1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ, ಗುಂಡಪ್ಪ ವಿಶ್ವನಾಥ್ ಅವರ 162 ಮತ್ತು ಬ್ರಿಜೇಶ್ ಪಟೇಲ್ ಅವರ 106 ರನ್ನುಗಳ ಬಲದಿಂದ 385 ರನ್ ಗಳಿಸಿ, ಬಾಂಬೆಯನ್ನು 307ಕ್ಕೆ ಆಲೌಟ್ ಮಾಡಿ 78 ರನ್ನುಗಳ ಮುನ್ನಡೆಯಿಂದ ಫೈನಲ್ ತಲುಪಿತು. ವಿಶ್ವನಾಥ್ ಅವರ ಪ್ರಥಮ ದರ್ಜೆ ಸರಾಸರಿ ಸುಮಾರು 41 ಎಂದು ಹಿಡಿದು ವುಡ್ ಪರಿಶೀಲಿಸಿದ ಮಾದರಿಯನ್ನು ಅನ್ವಯಿಸಿದರೆ, ಅವರು ಒಂದು ಇನಿಂಗ್ಸ್‌ನಲ್ಲಿ 162 ಅಥವಾ ಹೆಚ್ಚು ರನ್ ಗಳಿಸುವ ಸಾಧ್ಯತೆ ನೂರಕ್ಕೆ 2. ಸುಮಾರು 43ರ ಸರಾಸರಿಯ ಪಟೇಲ್ 106 ದಾಟುವ ಸಾಧ್ಯತೆ ನೂರಕ್ಕೆ 9. ಎರಡನ್ನೂ ಪರಸ್ಪರ ಸಂಬಂಧವಿಲ್ಲದ ಘಟನೆಗಳೆಂದು ಗುಣಿಸಿದರೆ, ಎರಡೂ ಒಂದೇ ಇನಿಂಗ್ಸ್‌ನಲ್ಲಿ ಆಗುವುದು ಸುಮಾರು 560ರಲ್ಲಿ ಒಂದು ಬಾರಿ ಮಾತ್ರ.

ಆದರೆ ಇದರಿಂದ ಕರ್ನಾಟಕದ ಗೆಲುವು 560ರಲ್ಲಿ ಒಂದು ಪವಾಡವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಒಂದೇ ಪಿಚ್‌ನಲ್ಲಿ ಅದೇ ಬೌಲರುಗಳನ್ನು ಎದುರಿಸಿದ ಇಬ್ಬರ ಸ್ಕೋರುಗಳು ಪರಸ್ಪರ ಸಂಬಂಧವಿಲ್ಲದವುಗಳಲ್ಲ. ಒಬ್ಬನಿಗೆ ಅನುಕೂಲವಾದ ದಿನ ಇನ್ನೊಬ್ಬನಿಗೂ ಅನುಕೂಲವಾಗಿರುವುದೇ ಹೆಚ್ಚು. ಮೇಲಾಗಿ, ಇವರಿಬ್ಬರೂ ವಿಫಲರಾಗಿ ಬೇರೊಬ್ಬರು ಆಡಿ ಮುನ್ನಡೆ ತಂದುಕೊಡುವ ದಾರಿಗಳೂ ಹಲವು. ಹೀಗಾಗಿ ಮರುಆಟಕ್ಕೆ ಕೇಳಬೇಕಾದ ಪ್ರಶ್ನೆ ‘ಇದೇ ಸ್ಕೋರ್ ಮತ್ತೆ ಬರುತ್ತದೆಯೇ’ ಎಂಬುದಲ್ಲ, ‘ಎಷ್ಟು ಬಾರಿ ಕರ್ನಾಟಕಕ್ಕೆ ಮುನ್ನಡೆ ಸಿಗುತ್ತದೆ’ ಎಂಬುದು. ಅದೇ ಪಂದ್ಯದಲ್ಲಿ ಬಾಂಬೆಯ ನಾಯಕ ಅಜಿತ್ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಯಾವ ಬೌಲರನ ಕಾರ್ಡಿನಲ್ಲೂ ಇಲ್ಲದ ಇಂತಹ ಔಟ್‌ಗಳಿಗೆ ಮರುಆಟವು ಪ್ರತ್ಯೇಕವಾದ ಚಿಕ್ಕ ಸಾಧ್ಯತೆಯೊಂದನ್ನು ಇಟ್ಟಿರಬೇಕಾಗುತ್ತದೆ. ಆದರೆ ಅದು ಯಾರಿಗೆ, ಯಾವ ಹೊತ್ತಿನಲ್ಲಿ ಬರುತ್ತದೆಂಬುದು ಪ್ರತಿ ಸಲವೂ ಬದಲಾಗುತ್ತದೆ. ಫೈನಲ್ ಜೈಪುರದಲ್ಲಿ ನಡೆದು, ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿದ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು.

1995–96ರ ಋತು ಮತ್ತು ಸುನಿಲ್ ಜೋಶಿ

ಗದಗದಲ್ಲಿ ಹುಟ್ಟಿ, ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಹೋಗುತ್ತಿದ್ದ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ, ಕರ್ನಾಟಕ ಪ್ರಶಸ್ತಿ ಗೆದ್ದ 1995–96ರ ರಣಜಿ ಋತುವಿನಲ್ಲಿ 529 ರನ್ ಗಳಿಸಿ 52 ವಿಕೆಟ್ ಪಡೆದರು. ಒಂದೇ ಋತುವಿನಲ್ಲಿ 500 ರನ್ ಮತ್ತು 50 ವಿಕೆಟ್ ಎಂಬ ಈ ಜೋಡಿ ಸಾಧನೆ ಬಹಳ ವಿರಳ. ಮರುಆಟದಲ್ಲಿ ಅವರ ಕಾರ್ಡನ್ನು 52 ವಿಕೆಟ್ಟಿನ ಸರಾಸರಿ ಬರುವಂತೆ ರೂಪಿಸಿದರೆ, ಮೂರರಲ್ಲಿ ಎರಡು ಬಾರಿ ಅವರ ವಿಕೆಟ್ ಸಂಖ್ಯೆ ಸುಮಾರು 45ರಿಂದ 59ರ ನಡುವೆ ಬೀಳುತ್ತದೆ. ಅಂದರೆ ಅದೇ ಸಾಮರ್ಥ್ಯದ, ಅಷ್ಟೇ ಓವರ್ ಹಾಕಿದ ಅದೇ ಬೌಲರ್ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮರುಆಟಗಳಲ್ಲಿ 50ರ ಗಡಿ ಮುಟ್ಟುವುದಿಲ್ಲ. ದಾಖಲೆ ಪುಸ್ತಕಕ್ಕೆ ದೊಡ್ಡದಾಗಿ ಕಾಣುವ 49 ಮತ್ತು 52ರ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಏನೂ ಅಲ್ಲ. ಒಂದು ಒಳ್ಳೆಯ ಋತುವಿನ ಅಂಕಿಗಳಲ್ಲಿ ಅದೃಷ್ಟವೂ ಬೆರೆತಿರುವುದರಿಂದ, ಎಚ್ಚರದ ಮರುಆಟಗಾರರು ಕಾರ್ಡು ತಯಾರಿಸುವಾಗ ಆ ಋತುವಿನ ಜೊತೆಗೆ ಅದರ ಹಿಂದಿನ ಮುಂದಿನ ವರ್ಷಗಳ ದಾಖಲೆಯನ್ನೂ ಸೇರಿಸಿಕೊಳ್ಳುತ್ತಾರೆ. ಪ್ರಥಮ ದರ್ಜೆಯಲ್ಲಿ ಒಟ್ಟು 615 ವಿಕೆಟ್ ಪಡೆದ ಜೋಶಿ ಅವರ ವಿಷಯದಲ್ಲಿ ಇದಕ್ಕೆ ಸಾಕಷ್ಟು ಸಾಮಗ್ರಿ ಇದೆ.

ದತ್ತಾಂಶ ಮತ್ತು ಮಿತಿಗಳು

ಹಳೆಯ ರಣಜಿ ಪಂದ್ಯಗಳ ಸ್ಕೋರ್‌ಕಾರ್ಡ್ ಯಾರು ಎಷ್ಟು ಗಳಿಸಿದರು, ಹೇಗೆ ಔಟಾದರು ಎಂಬುದನ್ನು ಹೇಳುತ್ತದೆಯೇ ಹೊರತು ಯಾವ ಬೌಲರನ ಎಷ್ಟು ಎಸೆತಗಳನ್ನು ಯಾವ ಬ್ಯಾಟ್ಸ್‌ಮನ್ ಎದುರಿಸಿದನೆಂಬುದನ್ನು ಹೇಳುವುದಿಲ್ಲ. ಆ ವಿವರ ಇರುವುದು ಸ್ಕೋರರ್ ಪೆನ್ಸಿಲ್ ಹಿಡಿದು ತುಂಬಿದ ಸ್ಕೋರ್‌ಬುಕ್‌ನಲ್ಲಿ: ಬೌಲರನ ಸಾಲಿನ ಒಂದೊಂದು ಚೌಕದಲ್ಲಿರುವ ಆರು ಗುರುತುಗಳನ್ನು ಬ್ಯಾಟ್ಸ್‌ಮನ್ ಸಾಲಿನ ರನ್ನುಗಳೊಂದಿಗೆ ತಾಳೆ ಹಾಕುತ್ತ ಹೋದರೆ ಬಹುಪಾಲು ಎಸೆತಗಳ ಕಥೆ ಮರಳಿ ಸಿಗುತ್ತದೆ. ಎಸೆತದಿಂದೆಸೆತಕ್ಕೆ ದಾಖಲಾಗುವ ಇಂದಿನ ಟಿ20 ಟೂರ್ನಿಗಳಿಗೆ ಈ ತೊಂದರೆ ಇಲ್ಲ. ಹುಬ್ಬಳ್ಳಿ ಟೈಗರ್ಸ್ ತಂಡ ಮೈಸೂರು ವಾರಿಯರ್ಸ್ ವಿರುದ್ಧ 8 ರನ್ನುಗಳಿಂದ ಫೈನಲ್ ಗೆದ್ದ 2023ರ ಮಹಾರಾಜ ಟ್ರೋಫಿಯನ್ನು ಮರುಆಟಕ್ಕೆ ಒಳಪಡಿಸುವುದು 1974ರ ಸೆಮಿಫೈನಲ್‌ಗಿಂತ ಎಷ್ಟೋ ಸುಲಭ. ಅಷ್ಟು ಕಡಿಮೆ ಅಂತರದ ಗೆಲುವು ಮರುಆಟದಲ್ಲಿ ಅತ್ತಿತ್ತ ಹೋಗುವುದೂ ಅಷ್ಟೇ ಸಹಜ.

ಪಿಚ್‌ನ ಗುಣವನ್ನು ಅಂಕಿಗೆ ಇಳಿಸುವುದು ಇನ್ನೊಂದು ಕಷ್ಟ. ಬೇಸ್‌ಬಾಲ್‌ನಲ್ಲಿ ಪ್ರತಿ ತಂಡವೂ ತವರಿನಲ್ಲಿ ವರ್ಷಕ್ಕೆ 81 ಪಂದ್ಯ ಆಡುವುದರಿಂದ ಮೈದಾನದ ಪ್ರಭಾವವನ್ನು ಅಳೆಯಬಹುದು. ಆದರೆ ಹುಬ್ಬಳ್ಳಿಯ ರಾಜನಗರದಲ್ಲಿರುವ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನದಂತಹ ಕಡೆ ರಣಜಿ ಪಂದ್ಯಗಳು ಅಪರೂಪಕ್ಕೆ ನಡೆಯುವುದರಿಂದ, ಅಲ್ಲಿನ ನಾಲ್ಕಾರು ಸ್ಕೋರುಗಳ ಆಧಾರದ ಮೇಲೆ ಪಿಚ್ ಬ್ಯಾಟಿಂಗ್‌ಗೆ ಅನುಕೂಲವೋ ಬೌಲಿಂಗ್‌ಗೋ ಎಂದು ಖಚಿತವಾಗಿ ಹೇಳಲಾಗದು. ಆತ್ಮವಿಶ್ವಾಸ, ಆಯಾಸ, ಒತ್ತಡಗಳಿಗಂತೂ ಕಾರ್ಡಿನಲ್ಲಿ ಜಾಗವೇ ಇಲ್ಲ.

ಈ ಎಲ್ಲ ಮಿತಿಗಳ ನಡುವೆಯೂ, ಗೆದ್ದವರ ಗೆಲುವು ಅನಿವಾರ್ಯವಾಗಿತ್ತು ಎಂಬ ಭ್ರಮೆಯನ್ನು ಕಳೆಯುವಲ್ಲಿ ಋತುವಿನ ಮರುಆಟಕ್ಕೆ ಸಮನಾದ ಸಾಧನ ಕ್ರೀಡಾ ಇತಿಹಾಸಕಾರನ ಬಳಿ ಮತ್ತೊಂದಿಲ್ಲ. ಅದರ ಬೆಲೆ ಸೂತ್ರಗಳ ಜಾಣತನಕ್ಕಿಂತ ದಾಖಲೆಗಳ ಪೂರ್ಣತೆಯನ್ನೇ ಹೆಚ್ಚಾಗಿ ಅವಲಂಬಿಸಿರುವುದರಿಂದ, ಹುಬ್ಬಳ್ಳಿ-ಧಾರವಾಡವೂ ಸೇರಿದಂತೆ ರಾಜ್ಯದ ಕ್ಲಬ್ಬುಗಳು ಮತ್ತು ವಲಯ ಸಮಿತಿಗಳು ತಮ್ಮಲ್ಲಿ ಉಳಿದಿರುವ ಹಳೆಯ ಸ್ಕೋರ್‌ಬುಕ್‌ಗಳನ್ನು ಗೆದ್ದಲಿಗೆ ಬಿಡದೆ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಒದಗಿಸುವುದು ಈ ವಿದ್ಯೆಗೆ ಬೇಕಾದ ಮೊದಲ ಕೆಲಸವಾಗಿದೆ.