ನಿಮ್ಮ ದಾಸವಾಳಕ್ಕೆ ಬಂದಿದ್ದು ಹಮ್ಮಿಂಗ್‌ಬರ್ಡ್ ಹೌದೇ?

‘ನಮ್ಮನೆ ಬಾಲ್ಕನಿಗೆ ಹಮ್ಮಿಂಗ್‌ಬರ್ಡ್ ಬಂದಿದೆ ನೋಡಿ’ ಎನ್ನುವ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತಿರುತ್ತವೆ. ಸಕ್ಕರೆ ನೀರಿಗೆ ಕೆಂಪು ಬಣ್ಣ ಬೆರೆಸಿ ತೂಗುಹಾಕಿದರೆ ಈ ಹಕ್ಕಿ ನಿಮ್ಮ ಮನೆಗೂ ಬರುತ್ತದೆ ಎಂಬ ಸಲಹೆ ಬೇರೆ. ಮುಂದಕ್ಕೆ ಕಳಿಸುವ ಮೊದಲು ಎರಡು ನಿಮಿಷ ಇದನ್ನು ಓದಿ.

ಹಮ್ಮಿಂಗ್‌ಬರ್ಡ್‌ಗಳು ಭಾರತದಲ್ಲಿ ಇಲ್ಲ. ಅವುಗಳಲ್ಲಿ 350ಕ್ಕೂ ಹೆಚ್ಚು ಜಾತಿಗಳಿವೆ, ಆದರೆ ಎಲ್ಲವೂ ಉತ್ತರ ಮತ್ತು ದಕ್ಷಿಣ ಅಮೆರಿಕದಲ್ಲಿ, ಅಲ್ಲಿನ ಸುತ್ತಲಿನ ದ್ವೀಪಗಳಲ್ಲಿ ಮಾತ್ರ ಇವೆ. (ಸುಮಾರು 3 ಕೋಟಿ ವರ್ಷ ಹಳೆಯ ಇದೇ ಬಳಗದ ಪಳೆಯುಳಿಕೆಗಳು ಜರ್ಮನಿಯಲ್ಲಿ ಸಿಕ್ಕಿವೆ. ಅಂದರೆ ಒಂದು ಕಾಲಕ್ಕೆ ಯುರೋಪಿನಲ್ಲೂ ಇದ್ದವು!)

ಹಾಗಾದರೆ ನೀವು ಕಂಡಿದ್ದೇನು? ಬಹುತೇಕ ಅದು ಸೂರಕ್ಕಿ. ಗಂಡು ಬಿಸಿಲಿಗೆ ನೇರಳೆ, ಹಸಿರು ಬಣ್ಣಗಳಲ್ಲಿ ಮಿರಮಿರ ಹೊಳೆಯುತ್ತದೆ. ಹೆಣ್ಣಿಗೆ ಕಂದು ಬೆನ್ನು, ತೆಳು ಹಳದಿ ಹೊಟ್ಟೆ. ಉದ್ದ ಬಾಗಿದ ಕೊಕ್ಕು ನೋಡಿ ಮೋಸ ಹೋಗುವುದು ಸಹಜ. ಆದರೆ ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ. ಸೂರಕ್ಕಿ ಕ್ಷಣಕಾಲ ಹಾಗೆ ನಿಲ್ಲಬಲ್ಲದಾದರೂ ಹೆಚ್ಚಾಗಿ ರೆಂಬೆ ಹಿಡಿದು ಕೂತೇ ಕುಡಿಯುತ್ತದೆ. ಇವೆರಡೂ ಹತ್ತಿರದ ನೆಂಟರೂ ಅಲ್ಲ. ಮುಸ್ಸಂಜೆ ಹೂವಿನ ಮುಂದೆ ಗುಂಯ್‌ಗುಡುತ್ತ ನಿಂತಿದ್ದು, ತಲೆ ಮೇಲೆ ಎರಡು ಮೀಸೆ ಕಂಡರೆ ಅದು ಹಕ್ಕಿಯೇ ಅಲ್ಲ, ಹಾಕ್ ಮಾತ್ ಎಂಬ ಪತಂಗ.

ಇನ್ನು ಕೆಂಪು ನೀರಿನ ವಿಷಯ. ಅಮೆರಿಕದಲ್ಲಿ ಜನ ಹಮ್ಮಿಂಗ್‌ಬರ್ಡ್‌ಗಾಗಿ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ಇಡುವುದು ನಿಜ. ಆದರೆ ಬಣ್ಣ ಹಾಕಬೇಡಿ, ಪಾತ್ರೆಯನ್ನು ಪದೇಪದೇ ತೊಳೆಯಿರಿ ಎಂದು ಅಲ್ಲಿನ ಪಕ್ಷಿತಜ್ಞರೇ ಹೇಳುತ್ತಾರೆ. ನಮ್ಮ ಸೆಕೆಗೆ ಆ ನೀರು ಬೇಗ ಹುಳಿತು ಬೂಷ್ಟು ಹಿಡಿಯುತ್ತದೆ. ಸೂರಕ್ಕಿಗೆ ಅದರ ಅಗತ್ಯವೂ ಇಲ್ಲ. ಕೆಂಪು ದಾಸವಾಳ, ರತ್ನಗಂಧಿ, ಕೇಪಳ ನೆಡಿ. ಹಿತ್ತಿಲಿದ್ದರೆ ಒಂದು ಬಾಳೆ ಇರಲಿ, ಅದರ ಹೂವೆಂದರೆ ಸೂರಕ್ಕಿಗೆ ಪ್ರಾಣ.

ಚಿಟ್ಟೆ ಬೇಕು, ಹುಳ ಬೇಡ ಅಂದರೆ?

ಹೂಗಿಡ ಇದ್ದರೆ ಚಿಟ್ಟೆ ಬಂದು ಮಕರಂದ ಕುಡಿದು ಹೋಗುತ್ತದೆ. ಅದು ಉಳಿಯಬೇಕಾದರೆ ಮೊಟ್ಟೆಯಿಡಲು ಗಿಡ ಬೇಕು, ಆ ಗಿಡದ ಎಲೆಯನ್ನು ಹುಳ ತಿನ್ನಲು ನೀವು ಬಿಡಬೇಕು. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಕರಿಬೇವಿನ ಅಥವಾ ನಿಂಬೆಯ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಅಂಟಿಕೊಂಡಿದ್ದನ್ನು ನೋಡಿರುತ್ತೀರಿ. ಕೆಲವೊಮ್ಮೆ ಅದು ಹಿಕ್ಕೆಯಲ್ಲ, ಲೈಮ್ ಅಥವಾ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು! ಹಕ್ಕಿಗಳ ಕಣ್ಣು ತಪ್ಪಿಸಲು ಆ ವೇಷ. ಬೆಳೆದ ಮೇಲೆ ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಪುಟ್ಟ ಕೊಂಬಿನಂಥದ್ದನ್ನು ಚಾಚಿ ವಾಸನೆ ಬಿಡುತ್ತದೆ. ಇದಕ್ಕೆ ಕಂಬಳಿಹುಳುವಿನಂತೆ ರೋಮವಿಲ್ಲ, ಮುಟ್ಟಿದರೆ ತುರಿಸುವುದಿಲ್ಲ. ಮೊಟ್ಟೆಯಿಂದ ಚಿಟ್ಟೆಯಾಗಲು ತಿಂಗಳ ಆಸುಪಾಸು ಸಾಕು. ಗಟ್ಟಿಯಾಗಿ ಬೇರೂರಿದ ಕರಿಬೇವು ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ನಾಲ್ಕು ದಿನ ಪಕ್ಕದ ಮನೆಯಲ್ಲಿ ಕೇಳಿದರಾಯಿತು.

ಬೇಲಿಯ ಎಕ್ಕ ಪ್ಲೇನ್ ಟೈಗರ್ ಚಿಟ್ಟೆಯ ಮನೆ. ಎಕ್ಕದ ಹಾಲಿನ ವಿಷವನ್ನು ಹುಳು ಮೈಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ. (ಆ ಹಾಲು ನಿಮ್ಮ ಕಣ್ಣಿಗೆ ತಾಗದಂತೆ ಎಚ್ಚರ.) ಮಲೆನಾಡು, ಕರಾವಳಿಯ ಕಡೆಯವರು ಈಶ್ವರಿ ಬಳ್ಳಿ ಹಬ್ಬಿಸಿ ನೋಡಿ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಆ ಜಾತಿಯ ಬಳ್ಳಿಗಳ ಮೇಲೆಯೇ.

ಲಂಟಾನಕ್ಕೂ ಚಿಟ್ಟೆಗಳು ಮುತ್ತುತ್ತವೆ, ಹಾಗಂತ ನೆಡಬೇಡಿ. ಅಲಂಕಾರಕ್ಕೆಂದು ಹೊರಗಿನಿಂದ ತಂದ ಆ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಹೇಗೆ ಆವರಿಸಿದೆ ಎಂದು ಅಲ್ಲಿಗೆ ಹೋದವರು ಕಂಡಿರುತ್ತಾರೆ.

‘ಬೇವಿನೆಣ್ಣೆ ನೈಸರ್ಗಿಕ, ಏನೂ ಆಗಲ್ಲ’ ಎನ್ನುವುದೂ ಪೂರ್ತಿ ನಿಜವಲ್ಲ. ಅದು ಎಲೆ ತಿನ್ನುವ ಮರಿಹುಳುಗಳ ಬೆಳವಣಿಗೆಯನ್ನೇ ಕೆಡಿಸುತ್ತದೆ. ನರ್ಸರಿಯಿಂದ ಗಿಡ ತರುವಾಗ ಔಷಧಿ ಹೊಡೆದಿದ್ದಾರಾ ಎಂದು ಕೇಳಿ. ಕೆಲವು ಕೀಟನಾಶಕಗಳು ಗಿಡದೊಳಗೆ ಸೇರಿ ಮಕರಂದಕ್ಕೂ ಇಳಿಯುತ್ತವೆ.

ಜಾಗ ಬಿಸಿಲು ಬೀಳುವಂತಿರಲಿ, ಏಕೆಂದರೆ ಮೈ ಬಿಸಿಯಾಗದೆ ಚಿಟ್ಟೆ ಸರಿಯಾಗಿ ಹಾರಲಾರದು. ಒಂದು ತಟ್ಟೆಯಲ್ಲಿ ಒದ್ದೆ ಮಣ್ಣಿಡಿ, ಗಂಡು ಚಿಟ್ಟೆಗಳು ಅದರಿಂದ ಲವಣ ಹೀರುತ್ತವೆ.

ಮೂಲೆಯ ಜೇಡರ ಬಲೆಯನ್ನೂ ಒಂದಷ್ಟು ಬಿಡಿ. ಸೂರಕ್ಕಿ ಆ ಎಳೆಗಳಿಂದಲೇ ಗೂಡು ಹೆಣೆಯುತ್ತದೆ, ಮರಿಗಳಿಗೆ ಜೇಡ, ಹುಳ ಹಿಡಿದು ತಿನ್ನಿಸುತ್ತದೆ. ಬಟ್ಟೆ ಒಣಹಾಕುವ ತಂತಿಯಲ್ಲಿ ಕಸದ ಚೀಲದಂತೆ ಏನಾದರೂ ಜೋತಾಡುತ್ತಿದ್ದರೆ ಕಿತ್ತೆಸೆಯುವ ಮೊದಲು ಪಕ್ಕದಲ್ಲಿ ಪುಟ್ಟ ಬಾಗಿಲಿದೆಯೇ ನೋಡಿ. ಇದ್ದರೆ ಮರಿಗಳು ಹಾರುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಬಟ್ಟೆ ಬೇರೆ ಕಡೆ ಒಣಗಲಿ.