ತುತ್ತಾಗಿ ಬಂದ ಮೀನು

ಶಿಕಾಗೋ ನಗರದ ಸರೋವರ ದಂಡೆಯಲ್ಲಿ ಏಪ್ರಿಲ್ ತಿಂಗಳಲ್ಲಿಯೂ ಕೈ ಮರಗಟ್ಟಿಸುವ ಚಳಿ. ಆದರೂ ಒಂದು ಕಾಲದಲ್ಲಿ ಆ ತಿಂಗಳು ಪೂರ್ತಿ, ಕತ್ತಲಾದೊಡನೆ, ಅಲ್ಲಿನ ಕಟ್ಟೆಗಳ ಮೇಲೆ ಲಾಟೀನುಗಳು ಸಾಲುಗಟ್ಟಿ ಹೊತ್ತಿಕೊಳ್ಳುತ್ತಿದ್ದವು. ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ನಿಂತು ಬಲೆ ಇಳಿಸುತ್ತಿದ್ದರು. ಅವರು ಹಿಡಿಯುತ್ತಿದ್ದುದು ಗೇಣುದ್ದದ, ಬೆಳ್ಳಿಯ ಮೈಯ ಸ್ಮೆಲ್ಟ್ ಎಂಬ ಮೀನನ್ನು. ಆಗತಾನೆ ಹಿಡಿದ ಸ್ಮೆಲ್ಟಿನಿಂದ ಸೌತೆಕಾಯಿಯ ವಾಸನೆ ಬರುತ್ತದೆಯಂತೆ. ಮೊದಲ ಸಲ ಬಂದವನು ತನ್ನ ಮೊದಲ ಮೀನಿನ ತಲೆಯನ್ನು ಹಸಿಯಾಗಿಯೇ ಕಚ್ಚಿ ಕೀಳಬೇಕೆಂಬುದು ದಂಡೆಯ ದೀಕ್ಷೆ. ಉಳಿದದ್ದನ್ನು ಹಿಟ್ಟಿನಲ್ಲಿ ಹೊರಳಿಸಿ, ಮುಳ್ಳುಸಹಿತ ಎಣ್ಣೆಯಲ್ಲಿ ಕರಿದು ಅಲ್ಲಿಯೇ ತಿನ್ನುವುದು ವಾಡಿಕೆ.

ಮಂಜುಗಡ್ಡೆ ಕರಗಿ ನೀರು ತುಸು ಬೆಚ್ಚಗಾಗುತ್ತಲೇ ಸ್ಮೆಲ್ಟ್‌ಗಳು ಆಳದಿಂದ ದಂಡೆಗೂ ಹೊಳೆಯ ಬಾಯಿಗಳಿಗೂ ಹಿಂಡುಹಿಂಡಾಗಿ ಬರುತ್ತವೆ. ರಾತ್ರಿ ಬಂದು, ನೊರಜುಗಲ್ಲಿನ ಮೇಲೆ ಮೊಟ್ಟೆಯಿಟ್ಟು, ಬೆಳಗಾಗುವುದರೊಳಗೆ ಬಹುಪಾಲು ಮರಳಿಬಿಡುತ್ತವೆ. ಮುಂಗಾರಿನ ಮೊದಲ ಮಳೆಗೆ ಮಲೆನಾಡಿನ ಹಳ್ಳಗಳಲ್ಲಿ ಹತ್ತುಮೀನು ಹಿಡಿಯಲು ಬ್ಯಾಟರಿ ಹಿಡಿದು ಹೋದವರಿಗೆ ಈ ಸಂಭ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ವಿಧಿ, ರುಚಿ, ವಂಶಪಾರಂಪರ್ಯ ಇರುವ ಆಚರಣೆ ಬಹು ಪುರಾತನವಾದುದೆಂದೇ ನಾವು ಮೊದಲು ಭಾವಿಸಿದ್ದೆವು. ಆದರೆ 1912ಕ್ಕಿಂತ ಹಿಂದೆ ಮಿಶಿಗನ್ ಸರೋವರದಲ್ಲಿ ಈ ಮೀನೇ ಇರಲಿಲ್ಲ.

ಸ್ಮೆಲ್ಟ್ ಅಟ್ಲಾಂಟಿಕ್ ಕರಾವಳಿಯದು. ಮಿಶಿಗನ್ ರಾಜ್ಯದಲ್ಲಿ ಸಾಲ್ಮನ್ ಮೀನನ್ನು ನೆಲೆಗೊಳಿಸಬೇಕೆಂಬ ಯೋಜನೆಯೊಂದಿತ್ತು. ಸಾಲ್ಮನ್‌ಗೆ ಮೇವು ಬೇಕು. ಅದಕ್ಕಾಗಿ ದೂರದ ಮೇನ್ ರಾಜ್ಯದಿಂದ ಸ್ಮೆಲ್ಟಿನ ಒಂದು ಕೋಟಿಗೂ ಮೀರಿದ ಮೊಟ್ಟೆಗಳನ್ನು ತರಿಸಿ 1912ರಲ್ಲಿ ಕ್ರಿಸ್ಟಲ್ ಲೇಕ್ ಎಂಬ ಒಳನಾಡಿನ ಕೆರೆಗೆ ಬಿಟ್ಟರು. ಸಾಲ್ಮನ್ ನೆಲೆಯೂರಲಿಲ್ಲ. ಊಟ ಉಳಿಯಿತು, ಉಣ್ಣುವವನು ಉಳಿಯಲಿಲ್ಲ. ಸರಕಾರಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನಮಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಮೂಲ ಉದ್ದೇಶ ಮರೆತುಹೋಗಿ ಅನುಬಂಧದ ಬಾಬತ್ತೊಂದೇ ಬದುಕುಳಿಯುವುದು ಎಲ್ಲ ದೇಶದ ಯೋಜನೆಗಳ ಹಣೆಬರಹವಿರಬೇಕು.

ಕ್ರಿಸ್ಟಲ್ ಲೇಕ್‌ಗೆ ಮನುಷ್ಯನ ಯೋಜನೆಗಳು ಹೊಸವೂ ಅಲ್ಲ. 1873ರಲ್ಲಿ ಅದನ್ನು ಮಿಶಿಗನ್ ಸರೋವರಕ್ಕೆ ಜಲಮಾರ್ಗವಾಗಿ ಜೋಡಿಸಹೊರಟವರು ಕಾಲುವೆ ತೋಡಿದಾಗ ನೀರು ಹಿಡಿತ ತಪ್ಪಿ ಹರಿದು, ಕೆರೆಯ ಮಟ್ಟವೇ ಸುಮಾರು 20 ಅಡಿ ಇಳಿದುಹೋಯಿತು. ಹಾಗೆ ಬಯಲಾದ ನೆಲದ ಮೇಲೆ ಬ್ಯೂಲಾ ಎಂಬ ಊರು ಎದ್ದಿತು. ಮುಂದೆ ಸ್ಮೆಲ್ಟ್ ಹಿಡಿಯಲು ಜನ ಮುಗಿಬಿದ್ದುದೂ ಅದೇ ಊರಿಗೆ.

ಕೆರೆಯ ಹೊರಹರಿವು ಬೆಟ್ಸಿ ನದಿಯನ್ನು ಸೇರಿ ಸರೋವರಕ್ಕೆ ಹೋಗುತ್ತದೆ. ಮೀನೂ ಹೋಯಿತು. 1923ರಲ್ಲಿ ಅದು ಮಿಶಿಗನ್ ಸರೋವರದಲ್ಲಿ ಕಾಣಿಸಿಕೊಂಡಿತು. 1930ರ ದಶಕ ಮುಗಿಯುವಷ್ಟರಲ್ಲಿ ಹ್ಯೂರಾನ್, ಸುಪೀರಿಯರ್, ಈರಿ ಸರೋವರಗಳಲ್ಲಿಯೂ ಇತ್ತು. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಮನೆಗಳಿಗೆ ಬಕೆಟ್ ತುಂಬ ಪುಕ್ಕಟೆ ಮೀನು ದೊರೆಯುವುದೆಂದರೆ ಸಣ್ಣ ಮಾತಲ್ಲ. ಎಸ್ಕನಾಬಾದಂಥ ಊರುಗಳು ಸ್ಮೆಲ್ಟಿನ ಹೆಸರಿನಲ್ಲಿ ಜಾತ್ರೆಯನ್ನೇ ನಡೆಸಿದವು. 1942–43ರ ಚಳಿಗಾಲದಲ್ಲಿ ಹ್ಯೂರಾನ್ ಮತ್ತು ಮಿಶಿಗನ್ ಸರೋವರಗಳ ಸ್ಮೆಲ್ಟ್‌ಗಳು ರಾಶಿರಾಶಿಯಾಗಿ ಸತ್ತವು. ಕೆಲವೇ ವರ್ಷಗಳಲ್ಲಿ ಮತ್ತೆ ತುಂಬಿಕೊಂಡವು.

ಆ ಮರುಹುಟ್ಟಿಗೆ ಇನ್ನೊಂದು ಅನಾಹುತ ನೆರವಾಯಿತು. ಹಡಗುಗಳಿಗೆಂದು ತೋಡಿದ ವೆಲ್ಯಾಂಡ್ ಕಾಲುವೆಯ ಮೂಲಕ ಮೇಲಿನ ಸರೋವರಗಳಿಗೆ ನುಸುಳಿದ ಲ್ಯಾಂಪ್ರಿ ಎಂಬ ರಕ್ತಹೀರುವ ಜೀವಿ, ಅಲ್ಲಿನ ಮೂಲನಿವಾಸಿ ಬೇಟೆಮೀನಾದ ಲೇಕ್ ಟ್ರೌಟನ್ನು ಬಹುತೇಕ ಮುಗಿಸಿಬಿಟ್ಟಿತು. ತಿನ್ನುವವನಿಲ್ಲದೆ ಸ್ಮೆಲ್ಟ್ ಹೆಚ್ಚಿತು. ಸುಪೀರಿಯರ್ ತೀರದ ಡುಲುತ್ ನಗರದಲ್ಲಿ ಜನ ಕಸದ ಡ್ರಮ್ಮುಗಳಲ್ಲಿ ಮೀನು ತುಂಬಿಕೊಂಡು ಹೋದ ಕಾಲವದು. ಮುಂದೆ ಲ್ಯಾಂಪ್ರಿಯನ್ನು ವಿಷ ಹಾಕಿ ಹತೋಟಿಗೆ ತಂದರು, ಟ್ರೌಟ್ ಚೇತರಿಸಿಕೊಂಡಿತು. 1966ರಿಂದ ಪೆಸಿಫಿಕ್ ಸಾಲ್ಮನ್‌ಗಳನ್ನು ತಂದು ಬಿಟ್ಟರು. ಅರ್ಧ ಶತಮಾನ ತಡವಾಗಿ ಉಣ್ಣುವವನು ಬಂದಂತಾಯಿತು. ಅದರ ಮೇಲೆ, 1980ರ ದಶಕದ ಕೊನೆಯಿಂದ ಹಡಗುಗಳ ನೀರಿನೊಡನೆ ಬಂದ ಚಿಪ್ಪುಜೀವಿಗಳು ಸರೋವರದ ಸೂಕ್ಷ್ಮ ಆಹಾರವನ್ನೇ ಸೋಸಿ ತಿನ್ನತೊಡಗಿದವು. ಸ್ಮೆಲ್ಟ್ ಕುಸಿಯಿತು.

ಈಗ ಶಿಕಾಗೋದ ಹಿರಿಯರು ಹೋದ ಮೀನಿಗಾಗಿ ಮರುಗುತ್ತಾರೆ. ಅವರ ದುಃಖವನ್ನು ಹಗುರಾಗಿ ಕಾಣುವ ಮನಸ್ಸು ನಮಗಿಲ್ಲ. ಅಪ್ಪನ ಪಕ್ಕದಲ್ಲಿ ಚಳಿಯಲ್ಲಿ ನಿಂತ ರಾತ್ರಿಗೆ ಮೀನಿನ ಮೂಲಸ್ಥಾನದ ದಾಖಲೆ ಬೇಕಾಗುವುದಿಲ್ಲ. 1952ರಲ್ಲಿ ಭಾರತಕ್ಕೆ ಬಂದಿಳಿದ ತಿಲಾಪಿಯಾವನ್ನು ನಾವೂ ಜಿಲೇಬಿ ಎಂದು ನಾಮಕರಣ ಮಾಡಿ ಊರ ಮೀನಾಗಿಸಿಕೊಂಡಿಲ್ಲವೇ? ಆದರೆ ಇದೇ ಸ್ಮೆಲ್ಟ್ ಅಲ್ಲಿನ ಮೂಲ ಮೀನುಗಳ ಮರಿಗಳನ್ನು ತಿಂದು ಬೆಳೆದದ್ದು ಎಂಬುದೂ ನಿಜ.

ಮತ್ತೊಂದು ಸಂಗತಿ ನಮ್ಮನ್ನು ಇನ್ನೂ ಹೆಚ್ಚು ಕಾಡುತ್ತದೆ. ಆ ಸರೋವರಗಳಲ್ಲಿ ಕೋಲಿಗೆ ಕಟ್ಟಿದ ಬಲೆಯಿಂದ ಮೀನು ಗೋರುವ ಕಲೆ ನಿಜಕ್ಕೂ ಪುರಾತನವೇ. ಸುಪೀರಿಯರ್ ಸರೋವರದ ನೀರು ಹ್ಯೂರಾನಿನ ಕಡೆಗೆ ಧುಮುಕುವ ಸೇಂಟ್ ಮೇರಿಸ್ ನದಿಯಲ್ಲಿ, ಬಂಡೆಗಳ ನಡುವೆ ತೊಗಟೆಯ ದೋಣಿಯಲ್ಲಿ ನಿಂತೇ ಒಜಿಬ್ವೆ ಜನ ಉದ್ದ ಕೋಲಿನ ಬಲೆಯಿಂದ ವೈಟ್‌ಫಿಶ್ ಎತ್ತುತ್ತಿದ್ದುದನ್ನು 17ನೆಯ ಶತಮಾನದ ಫ್ರೆಂಚ್ ಪಾದ್ರಿಗಳು ಬೆರಗಿನಿಂದ ಬರೆದಿಟ್ಟಿದ್ದಾರೆ. 1855ರಲ್ಲಿ ಅಲ್ಲಿ ಹಡಗುಗಳಿಗಾಗಿ ಕಾಲುವೆ ತೆರೆಯಿತು, ಆಮೇಲೆ ಜಲವಿದ್ಯುತ್ ಕಾಮಗಾರಿಗಳು ಬಂದವು; ಆ ಪ್ರವಾಹವೇ ಕಿರಿದಾಯಿತು, ದಡದ ನೆಲೆ ಕೈತಪ್ಪಿತು. ಸ್ಮೆಲ್ಟಿಗೆ ಜಾತ್ರೆ ನಡೆಸಿದ ತೀರಗಳ ನೆನಪಿನಲ್ಲಿ ಈ ನಷ್ಟಕ್ಕೆ ಸಿಕ್ಕ ಜಾಗ ಬಹಳ ಕಡಿಮೆ.

ಶಿಕಾಗೋದಲ್ಲಿ ಏಪ್ರಿಲ್ ಬಂತೆಂದರೆ ಇಂದಿಗೂ ಸ್ಮೆಲ್ಟ್ ಹಿಡಿಯಲು ಅನುಮತಿಯ ವೇಳೆ ಪ್ರಕಟವಾಗುತ್ತದೆ: ಸಂಜೆ 7ರಿಂದ ರಾತ್ರಿ 1. ಕೆಲವರು ಬರುತ್ತಾರೆ, ಬಲೆ ಇಳಿಸುತ್ತಾರೆ, ಒಲೆ ಹಚ್ಚುತ್ತಾರೆ. ಬಾಣಲೆಗೆ ಬೀಳುವ ಮೀನು ಎಷ್ಟೋ ಸಲ ಅಂಗಡಿಯಿಂದ ತಂದದ್ದು.